ಸೊಸೆಯ ಮುಖಕ್ಕೆ ನಾನು ಬರೆದ ಕಣ್ಣು

ನನ್ನ ಸೊಸೆ ಗೆದ್ದಳು. ಇದನ್ನು ಮೊದಲು ಬರೆದುಬಿಡುತ್ತೇನೆ, ಉಳಿದದ್ದು ಆಮೇಲೆ. ಸ್ವೀಡನ್ ದೇಶದ ಎಸ್ಕಿಲ್‌ಸ್ಟುನಾ ಅನ್ನೋ ಊರಿನ ಕೊಮ್ಯೂನ್‌ಗೆ, ಅಂದರೆ ನಮ್ಮ ಕಡೆ ನಗರಸಭೆ ಅಂತೀವಲ್ಲ ಅದಕ್ಕೆ, ನನ್ನ ಸೊಸೆ ಮೆಂಬರ್ ಆದಳು. ಇವತ್ತು ಮಧ್ಯಾಹ್ನ ಫೋನ್ ಬಂತು. ಅವಳು ಫೋನನ್ನು ಕಿವಿಗೆ ಹಿಡಿದುಕೊಂಡೇ ಫ್ರಿಜ್ ಬಾಗಿಲು ತೆಗೆದಳು, ಮುಚ್ಚಿದಳು, ಮತ್ತೆ ತೆಗೆದಳು. ಒಳಗಿಂದ ಏನೂ ತಗೊಳ್ಳಲಿಲ್ಲ. ಗೆದ್ದಿದ್ದಾಳೆ ಅಂತ ನನಗೆ ಆಗಲೇ ಗೊತ್ತಾಯಿತು. ಈ ಸಂತೋಷವನ್ನು ಎಲ್ಲಿ ಇಡಬೇಕು ಅಂತ ತಿಳಿಯದೆ ಮೊಮ್ಮಗಳ ನೋಟ್‌ಬುಕ್ ತಗೊಂಡು ಬರೆಯೋದಕ್ಕೆ ಕೂತಿದ್ದೇನೆ. ಆದರೆ ಸಂತೋಷದ ಒಳಗೆ ಒಂದು ಸಣ್ಣ ನಡುಕ ಇದೆ. ಅದನ್ನೂ ಬರೆಯದಿದ್ದರೆ ಇದು ಸುಳ್ಳಾಗುತ್ತೆ.

ನಾನು ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು. ಓದು ಕಡಿಮೆ, ಬರವಣಿಗೆ ಮಾತ್ರ ಬೇಜಾನ್, ಯಾಕಂದರೆ ದಾವಣಗೆರೆಯಲ್ಲಿ ನಲವತ್ತು ವರ್ಷ ಗೋಡೆ ಬರೆದವನು ನಾನು. ಎಲೆಕ್ಷನ್ ಬಂತು ಅಂದರೆ ನಮಗೆ ಹಬ್ಬ. ಬೆಳಿಗ್ಗೆ ಒಂದು ಪಕ್ಷದ ಗುರುತು, ಸಂಜೆ ಎದುರು ಗೋಡೆಗೆ ಅವರ ವಿರೋಧಿಗಳ ಗುರುತು. ದಾರಕ್ಕೆ ಪುಡಿ ಹಚ್ಚಿ ಗೆರೆ ಹೊಡೆದು, ಗೋಡೆಯ ಉದ್ದಕ್ಕೂ ಅಕ್ಷರ ಕೂರಿಸಿದರೆ ಸರ್ಕಾರವೇ ನನ್ನ ಬ್ರಷ್ಷಿನ ತುದಿಯಲ್ಲಿ ನಿಂತ ಹಾಗೆ ಅನಿಸುತ್ತಿತ್ತು. ಕೆಲಸ ಕಲಿಸಿದವರು ನನ್ನ ಚಿಕ್ಕಪ್ಪ. ಅವರು ಒಂದೇ ಮಾತು ಕಟ್ಟುನಿಟ್ಟಾಗಿ ಹೇಳಿದ್ದರು: "ಅಕ್ಷರ ಬರಿ, ಗುರುತು ಬರಿ. ಕಣ್ಣು ಬರೀಬೇಡ. ಕಣ್ಣು ಕೊಟ್ಟೆಯಲ್ಲ, ಈಗ ಜೀವ ಕೊಡು ಅಂತ ಮೇಲಿನವನು ಕೇಳ್ತಾನೆ. ಆಗ ಏನು ಕೊಡ್ತೀಯಾ?" ಲೀಡರುಗಳ ಮುಖ ಬರೆಯೋ ಕೆಲಸ ಬಂದಾಗೆಲ್ಲ ನಾನು ಬೇರೆಯವರಿಗೆ ದಾಟಿಸುತ್ತಿದ್ದೆ. ಆಮೇಲೆ ಫ್ಲೆಕ್ಸ್ ಬಂತು, ನನ್ನ ಕೆಲಸ ಹೋಯಿತು. ನನ್ನ ಹೆಂಡತಿಯೂ ಹೋದಳು. ಮಗ ಇಲ್ಲಿಗೆ ಕರೆಸಿಕೊಂಡ. ಅವನು ಇಲ್ಲಿ ಮಣ್ಣು ಅಗೆಯೋ ದೊಡ್ಡ ಯಂತ್ರಗಳ ಫ್ಯಾಕ್ಟರಿಯಲ್ಲಿ ಎಂಜಿನಿಯರ್.

ಸೊಸೆ ವಯಸ್ಸಾದವರ ಒಂದು ಹೋಮಿನಲ್ಲಿ ಅಡುಗೆ ಕೆಲಸ ಮಾಡ್ತಾಳೆ. ಆ ಹೋಮಿಗೆ ತನ್ನದೇ ಅಡುಗೆಮನೆ ಇದೆ. ಅದನ್ನು ಮುಚ್ಚಿ, ಊರಾಚೆ ಒಂದೇ ಕಡೆ ಅಡುಗೆ ಮಾಡಿಸಿ, ತಣ್ಣಗೆ ಪ್ಯಾಕ್ ಮಾಡಿ ಲಾರಿಯಲ್ಲಿ ಕಳಿಸಿ, ಮೈಕ್ರೋವೇವಿನಲ್ಲಿ ಬಿಸಿ ಮಾಡಿಕೊಡೋಣ ಅನ್ನೋದು ಕೊಮ್ಯೂನ್‌ನ ಯೋಚನೆ. ಬೇಡ ಅಂತ ಹೇಳೋದಕ್ಕೇ ಅವಳು ಎಲೆಕ್ಷನ್ನಿಗೆ ನಿಂತದ್ದು. ಅವಳ ಪಕ್ಷದ ಒಳಗೇ ಎರಡು ಮಾತಿತ್ತು. ಪಟ್ಟಿಯಲ್ಲಿ ಅವಳ ಮೇಲಿದ್ದವರು ಮುಚ್ಚೋಣ ಅನ್ನುವವರು, ಅವಳ ಹೆಸರು ಎಲ್ಲೋ ಕೆಳಗೆ. ಇಲ್ಲಿ ಓಟು ಹಾಕೋದು ಪಕ್ಷದ ಪಟ್ಟಿಗೆ, ಮೇಲಿರೋರು ಮೊದಲು ಒಳಗೆ ಹೋಗ್ತಾರೆ. ಆದರೆ ಚೀಟಿಯಲ್ಲಿ ಒಬ್ಬರ ಹೆಸರಿನ ಮುಂದೆ ಗುರುತೂ ಹಾಕಬಹುದು, ಗುರುತು ಸಾಕಷ್ಟು ಬಿದ್ದರೆ ಕೆಳಗಿರೋರು ಮೇಲೆ ಬರ್ತಾರೆ. ಅಂದರೆ ಜನ ಅವಳನ್ನು ನೋಡಬೇಕು, ಮುಖ ನೆನಪಿಟ್ಟುಕೊಳ್ಳಬೇಕು. ಇಲ್ಲದಿದ್ದರೆ ಅಡುಗೆಮನೆ ಹೋಯಿತು ಅಂತಲೇ ಲೆಕ್ಕ.

ಇಲ್ಲಿಯ ಎಲೆಕ್ಷನ್ ನೋಡಿ ನನಗೆ ಮೊದಲು ಆದದ್ದು ಭಯ. ಸದ್ದೇ ಇಲ್ಲ. ಆಟೋ ಇಲ್ಲ, ಮೈಕಿಲ್ಲ, ಪಟಾಕಿಯಿಲ್ಲ. ಊರ ನಡುವಿನ ಚೌಕದಲ್ಲಿ ಮರದ ಪುಟ್ಟ ಪುಟ್ಟ ಗುಡಿಸಲು ಸಾಲಾಗಿ ತಂದಿಡ್ತಾರೆ, ಪಕ್ಷಕ್ಕೊಂದು. ಒಂದಕ್ಕೆ ಕೆಂಪು ಬಣ್ಣ, ಒಂದಕ್ಕೆ ಹಸಿರು, ಒಂದಕ್ಕೆ ನೀಲಿ. ಒಳಗೆ ಒಂದು ಬೆಂಚು, ಫ್ಲಾಸ್ಕಿನಲ್ಲಿ ಕಾಫಿ, ಕರಪತ್ರ. ಸೆಪ್ಟೆಂಬರ್ ಬೆಳಿಗ್ಗೆ ಮಂಜು ಇಳಿದಾಗ ಗುಡಿಸಲುಗಳು ಮಾತ್ರ ಕಾಣುತ್ತವೆ, ಮನುಷ್ಯರು ಕಾಣೋದಿಲ್ಲ. ಜನ ಬರ್ತಾರೆ, ಮೆಲ್ಲಗೆ ಮಾತಾಡ್ತಾರೆ, ಮಂಜಿನೊಳಗೆ ಹೋಗ್ತಾರೆ. ಯಾರೋ ಸತ್ತ ಮನೆಯ ಅಂಗಳದಲ್ಲಿ ಕೂತ ಹಾಗಿರ್ತಿತ್ತು ನನಗೆ.

ಸೊಸೆಯ ಗುಡಿಸಲನ್ನು ಬೆಳಿಗ್ಗೆ ತೆಗೆಯೋ ಕೆಲಸ ನಾನೇ ಕೇಳಿ ತಗೊಂಡೆ. ಪಕ್ಕದ್ದು ಎದುರು ಪಕ್ಷದವರದು. ಅಲ್ಲಿ ಕೂರೋ ಹೆಂಗಸಿಗೆ ನನ್ನಷ್ಟೇ ವಯಸ್ಸು. ಅವರ ಕೆಟಲಿಗೆ ಕರೆಂಟು ನಮ್ಮ ಗುಡಿಸಲಿಂದ ವೈರ್ ಎಳೆದು ಕೊಟ್ಟಿತ್ತು. ದಿನಾ ವೈರ್ ತೋರಿಸಿ, ಕೈ ಮುಗಿಯೋ ಹಾಗೆ ಮಾಡಿ ನಗೋರು. ನೀವು ಸೋತರೂ ಕರೆಂಟು ಕಿತ್ತುಹಾಕಬೇಡಪ್ಪ ಅಂತ ಹೇಳ್ತಿದ್ದಾರೆ ಅಂತ ಸೊಸೆ ಒಂದು ಸಾರಿ ಬಿಡಿಸಿ ಹೇಳಿದಳು.

ಗುಡಿಸಲ ಮುಂದೆ ಸೊಸೆಯ ಫೋಟೋ ಅಂಟಿಸಿದ ಮರದ ಹಲಗೆ ಇತ್ತು. ತಲೆ ಮೇಲೆ ದುಪಟ್ಟಾ, ಸಣ್ಣ ನಗು, ಸೊಂಟದೆತ್ತರ. ಅವಳದ್ದು ಅಂತ ಇದ್ದದ್ದು ಅದೊಂದೇ ಹಲಗೆ. ಒಂದು ಬೆಳಿಗ್ಗೆ ನಾನು ಹೋದಾಗ ಅದರ ಎರಡೂ ಕಣ್ಣು ಯಾರೋ ಕೆರೆದು ತೆಗೆದಿದ್ದರು. ಬೇರೆ ಎಲ್ಲೂ ಒಂದು ಗೀಟಿಲ್ಲ. ತುಂಬಾ ನಿಧಾನವಾಗಿ, ಅಚ್ಚುಕಟ್ಟಾಗಿ, ಕಣ್ಣಿನ ಆಕಾರಕ್ಕೇ ಕೆರೆದಿದ್ದರು. ನಗು ಹಾಗೇ ಇತ್ತು. ಕಣ್ಣಿಲ್ಲದ ಮುಖದ ಆ ನಗು ನೋಡಿ ನಾನು ಬೆಂಚಿನ ಮೇಲೆ ಕೂತುಬಿಟ್ಟೆ.

ಪಕ್ಷದವರು ಹೊಸದು ಪ್ರಿಂಟ್ ಆಗಿ ಬರೋದಕ್ಕೆ ದಿನ ಹಿಡಿಯುತ್ತೆ ಅಂದರು. ಮಗ ಇದೆಲ್ಲ ಸಾಕು ಅಂದ. ಸೊಸೆ ಹಲಗೆ ನೋಡೋದಕ್ಕೂ ಬರಲಿಲ್ಲ. ರಾತ್ರಿ ಊಟದ ತಟ್ಟೆ ತೊಳೀತಾ, ನನ್ನ ಕಡೆ ತಿರುಗದೆ ಹೇಳಿದಳು: "ನಾನಿನ್ನು ಚೌಕಕ್ಕೆ ಬರಲ್ಲ, ಅಬ್ಬಾ. ಹಲಗೆ ತೆಗೆದುಬಿಡಿ. ಮಗು ಸ್ಕೂಲಿಗೆ ಅದೇ ದಾರೀಲಿ ಹೋಗುತ್ತೆ."

ಅವಳು ಚೌಕಕ್ಕೆ ಬರದಿದ್ದರೆ ಗುರುತು ಯಾರು ಹಾಕ್ತಾರೆ? ಮಾರನೇ ದಿನ ನಾನು ಪೇಟೆಯಲ್ಲಿ ಸಣ್ಣ ಬ್ರಷ್ಷು, ಕಪ್ಪು, ಬಿಳಿ, ಕಂದು ಬಣ್ಣ ತಗೊಂಡು ಹೋದೆ. ಚಿಕ್ಕಪ್ಪನ ಮಾತು ನೆನಪಿರಲಿಲ್ಲ ಅಂತಲ್ಲ. ತಪ್ಪು ನನ್ನ ಮೇಲಿರಲಿ ಅಂದುಕೊಂಡೇ ಹಲಗೆಯ ಮುಂದೆ ಮಂಡಿಯೂರಿದೆ. ಹುಟ್ಟಿದಾಗಿನಿಂದ ಒಂದು ಕಣ್ಣೂ ಬರೆಯದ ಕೈ ನನ್ನದು. ಅಳತೆ ಇಲ್ಲ, ಗೆರೆ ಇಲ್ಲ, ನೋಡಿಕೊಂಡು ಬರೆಯೋದಕ್ಕೆ ಸೊಸೆಯ ಫೋಟೋ ಕೂಡ ಜೇಬಿನಿಂದ ತೆಗೆಯಲಿಲ್ಲ. ಕೈ ತಾನೇ ಹೋಯಿತು. ಮುಗಿದಾಗ ಕಾಫಿ ಆರಿತ್ತು, ಅಷ್ಟು ಹೊತ್ತಾಗಿದ್ದು ನನಗೆ ತಿಳಿದೇ ಇರಲಿಲ್ಲ.

ಅವತ್ತಿನಿಂದ ಹಲಗೆಯ ಮುಂದೆ ಜನ ನಿಲ್ಲೋದಕ್ಕೆ ಶುರುವಾಯಿತು. ಹೋಗುವವರು ತಿರುಗಿ ಬಂದು ಮತ್ತೊಂದು ಸಾರಿ ನೋಡೋರು. ಒಂದು ದೊಡ್ಡ ನಾಯಿ ಹಲಗೆಯ ಮುಂದೆ ಕೂತಿತು, ಯಜಮಾನ ಹಗ್ಗ ಎಳೆದರೂ ಏಳಲಿಲ್ಲ. ಪಕ್ಕದ ಗುಡಿಸಲ ಹೆಂಗಸು ತನ್ನ ಕುರ್ಚಿಯನ್ನು ಆ ಕಡೆಗೆ ತಿರುಗಿಸಿಕೊಂಡರು, ವೈರಿನ ತಮಾಷೆ ನಿಂತಿತು.

ಆಮೇಲೆ ಒಬ್ಬ ಮನುಷ್ಯ. ಉದ್ದನೆಯ ಮುದುಕ, ಬೂದು ಟೋಪಿ. ದಿನಾ ಬೆಳಿಗ್ಗೆ ಮಂಜಿನೊಳಗಿಂದ ಬಂದು, ಹಲಗೆಯಿಂದ ನಾಲ್ಕು ಹೆಜ್ಜೆ ದೂರ ನಿಲ್ಲೋನು. ಕರಪತ್ರ ಕೊಟ್ಟರೆ ತಗೊಳ್ಳಲಿಲ್ಲ, ಕಾಫಿ ಕೊಟ್ಟರೆ ತಗೊಳ್ಳಲಿಲ್ಲ. ಕಣ್ಣನ್ನೇ ನೋಡೋನು, ನೋಡಿ ಹೋಗೋನು. ಕೆರೆದವನು ಇವನೇ, ತನ್ನ ಕೆಲಸ ಕೆಟ್ಟಿತಲ್ಲ ಅಂತ ನೋಡ್ತಿದ್ದಾನೆ ಅಂತ ನಾನು ಗಟ್ಟಿ ಮಾಡಿಕೊಂಡೆ.

ಒಂದು ಸಂಜೆ ಮಗ ಕೆಲಸ ಮುಗಿಸಿ ನನ್ನನ್ನು ಕರಕೊಂಡು ಹೋಗೋದಕ್ಕೆ ಬಂದ. ಹಲಗೆ ನೋಡಿದವನು ಕಾರಿನ ಕೀ ಕೆಳಗೆ ಬೀಳಿಸಿದ. ಎತ್ತಿಕೊಳ್ಳಲೂ ಇಲ್ಲ.

"ಅಬ್ಬಾ, ಇದು ಅಮ್ಮಿ ಕಣ್ಣು."

ಆಗ ನಾನು ಮೊದಲ ಸಲ ಸರಿಯಾಗಿ ನೋಡಿದೆ. ನನ್ನ ಹೆಂಡತಿಗೆ ಚಿಕ್ಕ ವಯಸ್ಸಿನ ಒಂದು ಜ್ವರದ ಮೇಲೆ ಎಡಗಣ್ಣಿನ ರೆಪ್ಪೆ ಸ್ವಲ್ಪ ಇಳಿದಿತ್ತು. ಸೊಸೆಗೆ ಹಾಗಿಲ್ಲ. ಹಲಗೆಯ ಮೇಲೆ ಎಡಗಣ್ಣಿನ ರೆಪ್ಪೆ ಇಳಿದಿತ್ತು. ಬಾಗಿಲಲ್ಲಿ ನಿಂತು, ನಾನು ಕೆಲಸದಿಂದ ಬರೋದನ್ನು ನನ್ನ ಹೆಂಡತಿ ಕಾಯುವಾಗ ಇದ್ದ ಹಾಗೇ ಇತ್ತು. ಸೊಸೆಯ ಮುಖ, ಸೊಸೆಯ ನಗು, ಒಳಗೆ ಕೂತು ನೋಡುತ್ತಿರುವವಳು ಬೇರೆ. ಏಳು ವರ್ಷದಿಂದ ಮಣ್ಣಲ್ಲಿ ಇರುವವಳನ್ನು ನಾನು ಈ ಚಳಿ ಊರಿನ ಚೌಕದಲ್ಲಿ ನಿಲ್ಲಿಸಿದ್ದೆ.

ಮಾರನೇ ಬೆಳಿಗ್ಗೆ ಇನ್ನೂ ಬೆಳಕು ಸರಿಯಾಗಿ ಬರುವ ಮುಂಚೆ, ಬಟ್ಟೆ, ಟರ್ಪೆಂಟೈನ್ ಹಿಡಿದುಕೊಂಡು ಚೌಕಕ್ಕೆ ಹೋದೆ. ಒರೆಸಿಬಿಡೋಣ, ಅವಳು ಹೋಗಲಿ ಅಂತ. ಮಂಜು ಅಷ್ಟಿತ್ತು, ಹಲಗೆಯ ಹತ್ತಿರ ಬಂದಮೇಲೇ ಅವನು ಕಂಡದ್ದು. ಬೂದು ಟೋಪಿ. ಒಂದು ಕೈ ಹಲಗೆಯ ಮುಖದ ಮೇಲಿತ್ತು. ನಾನು ಕೂಗಬೇಕು ಅಂತಿದ್ದೆ, ಆದರೆ ಅವನ ಕೈಯಲ್ಲಿದ್ದದ್ದು ಕರ್ಚೀಫು. ಮಂಜಿನ ನೀರು ಹಲಗೆಯ ಮೇಲೆ ಕೂತು ಕಣ್ಣಿಂದ ಕೆನ್ನೆಗೆ ಇಳೀತಿತ್ತು. ಅದನ್ನು ಅವನು ಒರೆಸ್ತಾ ಇದ್ದ, ಮಗುವಿನ ಮುಖ ಒರೆಸೋ ಹಾಗೆ. ನನ್ನ ಕೈಯ ಸೀಸೆ ಕಂಡು, ಹಲಗೆಗೆ ಅಡ್ಡ ನಿಂತು ಏನೋ ಹೇಳಿದ. ಮತ್ತೆ ಮತ್ತೆ ಅದನ್ನೇ ಹೇಳಿದ. ನನಗೆ ಒಂದು ಅಕ್ಷರ ತಿಳಿಯಲಿಲ್ಲ. ಸೊಸೆಗೆ ಫೋನ್ ಮಾಡಿದೆ.

ಅವಳು ಚಪ್ಪಲಿಯಲ್ಲೇ ಓಡಿ ಬಂದಳು, ಅಷ್ಟು ದಿನ ಆದಮೇಲೆ ಚೌಕಕ್ಕೆ ಬಂದದ್ದು ಅವತ್ತೇ. ಮುದುಕನನ್ನು ಕಂಡ ಕೂಡಲೇ ಗುರುತು ಹಿಡಿದಳು. ಅವಳ ಹೋಮಿನಲ್ಲಿರುವ ಒಬ್ಬ ಅಜ್ಜಿಯ ಗಂಡ. ಆ ಅಜ್ಜಿಗೆ ಸ್ಟ್ರೋಕ್ ಆಗಿ ಎಡ ರೆಪ್ಪೆ ಇಳಿದಿದೆ, ಗಂಡ ಯಾರು ಅಂತ ತಿಳಿಯೋದಿಲ್ಲ, ಕಣ್ಣು ಬಿಡೋದೇ ಅಪರೂಪ. ಅಡುಗೆಮನೆಯಲ್ಲಿ ಬೆಣ್ಣೆಗೆ ಈರುಳ್ಳಿ ಬಿದ್ದ ವಾಸನೆ ಬಂದಾಗ ಮಾತ್ರ ಕಣ್ಣು ಬಿಟ್ಟು ತಟ್ಟೆಗೆ ಕಾಯ್ತಾರಂತೆ.

ಏನು ಹೇಳ್ತಿದ್ದಾನೆ ಕೇಳು ಅಂದೆ. ಅವಳು ಕೇಳಿ, ನನ್ನ ಕಡೆ ತಿರುಗಿದಳು.

"ಒರೆಸಬೇಡಿ, ಅವಳು ಎಚ್ಚರವಾಗಿದ್ದಾಳೆ ಅಂತಿದ್ದಾರೆ."

ನಾವು ಇಬ್ಬರು ಮುದುಕರು ಆ ಹಲಗೆಯ ಮುಂದೆ ನಿಂತೆವು. ಅವನು ಅವನ ಹೆಂಡತಿಯನ್ನು ನೋಡ್ತಿದ್ದ, ನಾನು ನನ್ನವಳನ್ನು. ಮುಖ ಮಾತ್ರ ಬದುಕಿರೋ ಹುಡುಗಿಯದು, ಅವಳು ನಮ್ಮ ಪಕ್ಕದಲ್ಲೇ ಚಳಿಗೆ ನಡುಗ್ತಾ ನಿಂತಿದ್ದಳು. ನಾನು ಸೀಸೆಯ ಮುಚ್ಚಳ ಬಿಗಿ ಮಾಡಿದೆ. ಸೊಸೆ ಹಲಗೆಯನ್ನು ತುಂಬಾ ಹೊತ್ತು ನೋಡಿ, "ಇದು ನಾನಲ್ಲ. ಇರಲಿ ಬಿಡಿ ಅಬ್ಬಾ" ಅಂದಳು. ಆಮೇಲೆ ಗುಡಿಸಲು ತೆಗೆದು ಕಾಫಿ ಇಟ್ಟಳು. ಮುದುಕ ಅವತ್ತು ಕಾಫಿ ಕುಡಿದ. ತಾನು ಜೀವಮಾನವೆಲ್ಲ ಪಕ್ಕದ ಗುಡಿಸಲ ಪಕ್ಷಕ್ಕೇ ಹಾಕಿದವನು ಅಂದನಂತೆ. ಈ ಸಲ ಯಾರಿಗೆ ಅಂತ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಅಲ್ಲಿಂದ ಎಲೆಕ್ಷನ್ ದಿನದವರೆಗೆ ಸೊಸೆ ಕೆಲಸದ ಮುಂಚೆ ಒಂದು ಗಂಟೆ, ಆಮೇಲೆ ಎರಡು ಗಂಟೆ ಚೌಕದಲ್ಲಿ ನಿಂತಳು. ಹೊಸ ಫೋಟೋ ಬಂದರೂ ಹಚ್ಚಲಿಲ್ಲ. ಹೊರದೇಶದವನಾದರೂ ಇಲ್ಲಿ ಇಷ್ಟು ವರ್ಷ ಇದ್ದದ್ದಕ್ಕೆ ಕೊಮ್ಯೂನ್ ಓಟು ನನಗೂ ಇತ್ತು, ಸೊಸೆಯ ಹೆಸರಿನ ಮುಂದೆ ಗುರುತು ನಾನೇ ಹಾಕಿದೆ, ಗೋಡೆಗೆ ಹಾಕುವಷ್ಟು ಒತ್ತಿ. ಓಟು ಮುಗಿದ ಮಾರನೇ ದಿನ ಲಾರಿ ಬಂದು ಗುಡಿಸಲುಗಳನ್ನು ಎತ್ತಿಕೊಂಡು ಹೋಯಿತು. ಚೌಕದ ಕಲ್ಲಿನ ಮೇಲೆ ಒಣಗಿದ ಚೌಕಾಕಾರಗಳು ಮಾತ್ರ ಉಳಿದವು, ಸುತ್ತ ಒದ್ದೆ. ಹಲಗೆಯನ್ನು ಮಗ ಮನೆಗೆ ತಂದು, ಕೋಟು ನೇತುಹಾಕುವ ಕಡೆ ಗೋಡೆಗೆ ಮುಖ ಮಾಡಿ ನಿಲ್ಲಿಸಿದ. ಹೆಸರಿನ ಗುರುತು ಎಣಿಸೋದಕ್ಕೆ ಇವತ್ತಿನವರೆಗೆ ಹಿಡಿಯಿತು. ಈಗ ಸಭೆಯಲ್ಲಿ ಕೈಯೆತ್ತುವಾಗ ಅಡುಗೆಮನೆ ಬೇಕು ಅನ್ನುವವರದು ಒಂದು ಕೈ ಜಾಸ್ತಿ. ಆ ಒಂದು ಕೈ ನನ್ನ ಸೊಸೆಯದು.

ಕೆರೆದವರು ಯಾರು ಅಂತ ಇವತ್ತಿಗೂ ಗೊತ್ತಿಲ್ಲ.

ಇಷ್ಟು ಬರೆಯುವಷ್ಟರಲ್ಲಿ ಸೊಸೆ ಊಟಕ್ಕೆ ಕರೆದಳು. ಬಗಾರ ಅನ್ನ, ದಾಲ್ಚಾ. ಈರುಳ್ಳಿ ಕೆಂಪಗೆ ಹುರಿದ ವಾಸನೆ ಮನೆ ತುಂಬಾ ಇತ್ತು. ನಾನು ಒಳಗೆ ಹೋದಾಗ ಆರು ವರ್ಷದ ಮೊಮ್ಮಗಳು ಹಲಗೆಯನ್ನು ಎಳೆದು ತಂದು, ಮೇಜಿನ ಕಡೆ ಮುಖ ತಿರುಗಿಸಿ ನಿಲ್ಲಿಸಿದ್ದಳು. ಸ್ವೀಡಿಷ್‌ನಲ್ಲಿ ಏನೋ ಅಂದಳು. ಮಗ ತಟ್ಟೆ ಇಡ್ತಿದ್ದವನು ಕೈ ನಿಲ್ಲಿಸಿದ.

"ದಾದಿ ಕಣ್ಣು ಬಿಟ್ಟಳು ಅಂತಾಳೆ" ಅಂದ.

ದಾದಿ ಅಂದರೆ ಅಪ್ಪನ ತಾಯಿ, ನನ್ನ ಹೆಂಡತಿ. ಅವಳ ಫೋಟೋ ನಮ್ಮ ಮನೆಯಲ್ಲಿ ಒಂದೂ ಇಲ್ಲ. ಹಲಗೆಯ ಕಣ್ಣು ಯಾರದು ಅಂತ ಮೊಮ್ಮಗಳಿಗೆ ಯಾರೂ ಹೇಳಿರಲಿಲ್ಲ, ನಾನು ಕೇಳಿ ಖಾತ್ರಿ ಮಾಡಿಕೊಂಡೆ. ಆರುತ್ತೆ, ಕೈ ತೊಳೀರಿ ಅಂದಳು ಸೊಸೆ. ನಾನು ದಿನಾ ಕೂರೋ ಕುರ್ಚಿಗೆ ಕೂತರೆ ಹಲಗೆಗೆ ಬೆನ್ನಾಗುತ್ತಿತ್ತು. ಎದ್ದು ಆಚೆ ಕಡೆ ಕೂತೆ. ಸೊಸೆ ಮೊದಲು ಮಗುವಿಗೆ ಬಡಿಸಿದಳು, ಆಮೇಲೆ ನನಗೆ, ಆಮೇಲೆ ಮಗನಿಗೆ, ಕಡೆಗೆ ತಾನು ಹಾಕಿಕೊಂಡಳು. ನಾವು ನಾಲ್ಕೂ ಜನ ತುಂಬಾ ತಿಂದೆವು.