ಕೊನೇ ಗದ್ದೆಯ ಫೋನು

ನಮ್ಮ ಭತ್ತ ಬೆಳೆಗಾರರ ಸಂಘದ ನಂಜನಗೂಡು ಆಫೀಸಿನಲ್ಲಿ ವೆಬ್‌ಸೈಟ್ ನೋಡಿಕೊಳ್ಳುತ್ತಿದ್ದವರು ಸೋಸಲೆ ಊರಿನವರೊಬ್ಬರು. ಅವರಪ್ಪ ನಾಲೆಯ ನೀರುಗಂಟಿ. ತೂಬು ತೆಗೆದವರು ಅಲ್ಲಿ ನಿಲ್ಲದೆ ನೇರ ಕೊನೇ ಗದ್ದೆಗೆ ಹೋಗಿ, ನೀರು ಬಂದದ್ದನ್ನು ಕಣ್ಣಲ್ಲಿ ಕಂಡ ಮೇಲೇ ಮನೆಗೆ ಹೋಗುತ್ತಿದ್ದರಂತೆ.

ಮಗನದೂ ಅದೇ ಚಾಳಿ. ಕೆಟ್ಟ ಲಿಂಕು ಹುಡುಕಿಕೊಡುವ ಸಾಫ್ಟ್‌ವೇರ್ ಎಲ್ಲ ಸರಿ ಅಂದರೂ, ಇವರು ತಲಕಾಡಿಗೆ ಕೊಟ್ಟಿದ್ದ ತಂಗಿಗೆ ಫೋನ್ ಮಾಡಿ, ಅವಳ ಮೊಬೈಲಿನಲ್ಲಿ ಒಂದೊಂದನ್ನೂ ಒತ್ತಿಸಿ, "ಬಂತಾ?" ಅನ್ನುತ್ತಿದ್ದರು. ಪಕ್ಕದಲ್ಲಿ ಕೂತ ನನಗೆ ರೇಗಿಹೋಗುತ್ತಿತ್ತು.

ಒಮ್ಮೆ ಬಿತ್ತನೆ ಭತ್ತದ ಅರ್ಜಿಗೆ ಕೊನೇ ದಿನ ಬಂದಿತ್ತು. ಆ ಲಿಂಕಿಗೆ ಹಸಿರು ಗುರುತೇ ಇತ್ತು. ತಂಗಿ ಮಾತ್ರ, "ಅರ್ಜಿ ಮುಗ್ದೋಗದೆ ಅಂತದಲ್ಲಣ್ಣ" ಅಂದಳು. ನೋಡಿದರೆ ಲಿಂಕು ಹೋಗುತ್ತಿದ್ದುದು ಹಿಂದಿನ ವರ್ಷದ ಪುಟಕ್ಕೆ. ಏನೋ ಒಂದು ಪುಟ ತೆರೆಯುತ್ತಿತ್ತಲ್ಲ, ಸಾಫ್ಟ್‌ವೇರಿಗೆ ಅಷ್ಟು ಸಾಕಾಗಿತ್ತು. ಇವರು ಯಾರನ್ನೂ ಬೈಯಲಿಲ್ಲ. ವಿಳಾಸ ತಿದ್ದಿ ಮತ್ತೆ ಫೋನ್ ಮಾಡಿದರು.

"ಬಂತಾ?"

"ಎಸ್ರು, ಊರು ಕೇಳ್ತಾ ಅದೆ ಕಣಣ್ಣ."

ಆಮೇಲೇ ಊಟದ ಡಬ್ಬಿ ತೆಗೆದರು. ಸಂಜೆಯೊಳಗೆ ತಲಕಾಡು ಕಡೆಯ ಅರ್ಜಿಗಳು ಬಂದು ಬಿದ್ದವು.

ಈಗ ಅವರು ನಿವೃತ್ತರು, ಕುರ್ಚಿ ನನ್ನದು. ಹೋದ ವಾರ ಹೊಸ ಪುಟ ಹಾಕಿದೆ. ಎಲ್ಲ ಹಸಿರು ಕಂಡಿತು. ಕಂಪ್ಯೂಟರ್ ಆರಿಸಿ ಚಪ್ಪಲಿ ಮೆಟ್ಟುತ್ತಿದ್ದಾಗ ಸೋಸಲೆಯಿಂದ ಅವರ ಫೋನು. ಹಲೋ ಇಲ್ಲ, ಕ್ಷೇಮ ಸಮಾಚಾರವಿಲ್ಲ.

"ಬಂದಿಲ್ಲ ಕಣ್ರೀ."