ಕಿವಿ ಮಾಡುತ್ತಿದ್ದ ಮಾವಶಿ

ಮಾವಶಿಯ ಬಲಗೈ ಹೆಬ್ಬೆರಳು ಚಮಚದಂತೆ ಹಿಂದಕ್ಕೆ ಬಾಗಿತ್ತು. ಬೆಚ್ಚನೆಯ ಮೇಣವನ್ನು ಮೂವತ್ತು ವರ್ಷ ಒತ್ತಿ ಒತ್ತಿ ಹಾಗಾಗಿತ್ತಂತೆ. ಮಿರಜಿನಲ್ಲಿ ಔಷಧಿ ಅಂಗಡಿಯೊಂದರ ಮೇಲಿನ ಎರಡು ಕೋಣೆಗಳಲ್ಲಿ ಅವರು ಕಿವಿ, ಮೂಗು ಮಾಡುತ್ತಿದ್ದರು. ರೋಗಕ್ಕೋ ಅಪಘಾತಕ್ಕೋ ಅವನ್ನು ಕಳೆದುಕೊಂಡವರನ್ನು ಡಾಕ್ಟರುಗಳು ಅವರ ಬಳಿ ಕಳಿಸುತ್ತಿದ್ದರು. ಮೇಣದಲ್ಲಿ ತಿದ್ದಿ, ಅಚ್ಚು ತೆಗೆದು, ಸಿಲಿಕೋನ್ ಹೊಯ್ದು, ಮೈಬಣ್ಣ ಕೂಡಿಸಿ ಕೊಡುವುದು ಅವರ ಕೆಲಸ.

ಅವರು ನನ್ನ ತಾಯಿಯ ಗೆಳತಿ; ಅದಕ್ಕೇ ನನಗೆ ಮಾವಶಿ, ಅಂದರೆ ಚಿಕ್ಕಮ್ಮ. ನಾನಾಗ ಕುಪವಾಡದ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಪಂಪಿನ ಬಿಡಿಭಾಗಗಳನ್ನು ಕಂಪ್ಯೂಟರಿನಲ್ಲಿ ವಿನ್ಯಾಸ ಮಾಡುತ್ತಿದ್ದೆ. ಒಂದು ರವಿವಾರ ಮನೆಗೆ ಬಂದವರೇ ನನ್ನೆದುರು ಕೈ ಚಾಚಿದರು. ಬೆರಳುಗಳು ನಡುಗುತ್ತಿದ್ದವು.

“ಮ್ಯಾಣ ಹಿಡಿಯಾಕ ಆಗವಲ್ದು. ಕಂಪ್ಯೂಟರದಾಗ ಮೂರ್ತಿ ಕೆತ್ತೂದು ಐತೆಲ್ಲ, ಅದನ್ನ ಜರಾ ಕಲಿಸು ನನಗ.”

ರಜೆಯ ದಿನಗಳಲ್ಲಿ ಹೋಗಿ ಕಲಿಸತೊಡಗಿದೆ. ಪರದೆಯ ಮೇಲೆ ಕೆತ್ತುವ ಸಾಧನಗಳಿಗೆ ಬ್ರಶ್ ಎನ್ನುತ್ತಾರೆ; ಯಾವ ಬ್ರಶ್ ಯಾವುದಕ್ಕೆ ಎಂದು ಬರೆದುಕೊಟ್ಟರೆ ಆ ಹಾಳೆಯನ್ನು ಮಡಚಿ ಡ್ರಾವರಿನಲ್ಲಿ ಇಟ್ಟುಬಿಟ್ಟರು. ಪರದೆಯ ಮೇಲೆ ಒಂದು ಉಂಡೆ ತೆಗೆದುಕೊಂಡು ವಾರವಿಡೀ ಒಂದೇ ಬ್ರಶ್ ಆಡಿಸುವರು. ಅದರ ಗಾತ್ರ ಹಿಗ್ಗಿಸುವರು, ಒತ್ತು ತಗ್ಗಿಸುವರು, ಮೆತ್ತುವ ಬ್ರಶ್ಶನ್ನೇ ತಿರುವಿ ಕೊರೆಯುವರು. ಕಂಪ್ಯೂಟರಿನ ಪೆನ್ನಿನ ನಡುಕವನ್ನು ತಡೆಯುವ ಗುಂಡಿ ಸಿಕ್ಕ ದಿನ ಗಟ್ಟಿಯಾಗಿ ನಕ್ಕರು. ನುಣುಪು ಮಾಡುವ ಬ್ರಶ್ ಮಾತ್ರ ಅವರಿಗೆ ಆಗಿಬರಲಿಲ್ಲ.

“ಇದು ಭಾಳ ಸುಳ್ಳ ಹೇಳತೈತಿ ನೋಡು. ಮಾರಿ ಮ್ಯಾಲಿಂದೆಲ್ಲಾ ಅಳಿಸಿಬಿಡತೈತಿ.”

ಆ ದಿನಗಳಲ್ಲೇ ಬೇಡಗ ಹಳ್ಳಿಯ ಕಡೆಯಿಂದ ಕುರಿ ಸಾಕುವ ಅಜ್ಜ ಒಬ್ಬರು ಬಂದರು. ಲಾರಿ ತಾಕಿ ಎಡಗಿವಿ ಹೋಗಿತ್ತು. ಅಂದಿನಿಂದ ಕಿವಿ ಮುಚ್ಚುವಂತೆ ರುಮಾಲು ಸುತ್ತಿಕೊಂಡು, ಮೊಮ್ಮಗಳು ಎದುರು ಬಂದರೂ ಮುಖ ತಿರುಗಿಸುತ್ತಿದ್ದರಂತೆ. ಹೆಂಡತಿಯೇ ಒತ್ತಾಯ ಮಾಡಿ ಕರೆತಂದಿದ್ದರು. ನಾನು ಬಲಗಿವಿಯನ್ನು ಸ್ಕ್ಯಾನ್ ಮಾಡಿ, ಕನ್ನಡಿಯಲ್ಲಿ ಕಂಡಂತೆ ಅದನ್ನು ಮಗುಚಿ, ನುಣುಪು ಬ್ರಶ್ ಆಡಿಸಿ, ಅರ್ಧ ದಿನದಲ್ಲಿ ಎಡಗಿವಿ ಸಿದ್ಧ ಮಾಡಿದೆ. ಹೆಮ್ಮೆಯಿಂದಲೇ ತೋರಿಸಿದೆ.

ಅಜ್ಜಿ ಬಹಳ ಹೊತ್ತು ನೋಡಿದರು. “ಚಂದ ಐತ್ರಿ ಬಾಯಾರ. ಆದ್ರ ಇದು ನಮ್ಮವರ್ದಲ್ರಿ.”

“ಬಲಗಿವಿ ಇದ್ದಂಗs ಮಾಡೇನಲ್ರಿ ಅಜ್ಜಿ?” ನನ್ನ ದನಿ ತುಸು ಬಿರುಸಾಗಿತ್ತು.

“ಎಡಗಿವಿ ಬ್ಯಾರೇನ ಇತ್ರಿ. ಹೆಗಲ ಮ್ಯಾಲ ಹೊತ್ತ ಕುರಿಮರಿಗೋಳು ಅದನ್ನs ಚೀಪತಿದ್ವು. ಜೋತ ಬಿದ್ದಿತ್ತು.”

ಅಜ್ಜ ನಕ್ಕುಬಿಟ್ಟರು. ಮಾವಶಿ ನನ್ನನ್ನು ಎಬ್ಬಿಸಿ ಅಲ್ಲಿ ಅಜ್ಜಿಯನ್ನು ಕೂರಿಸಿದರು. ಎಳೆಯುವ ಬ್ರಶ್ ತೆಗೆದುಕೊಂಡು “ಹಿಂಗ?” ಎಂದರು.

“ಇನ್ನ ಕೆಳಗ್ರಿ.”

ಚಿವುಟುವ ಬ್ರಶ್. “ಹಿಂಗ?”

“ಅಷ್ಟು ಚೂಪ ಬ್ಯಾಡ್ರಿ.”

ಐದಾರು ಬ್ರಶ್ ಆದ ಮೇಲೆ ಮಾವಶಿ ಪೆನ್ನನ್ನೇ ಅಜ್ಜಿಯ ಕೈಗಿಟ್ಟರು. “ನೀವs ಜಗ್ಗ್ರಿ.”

“ಅಯ್ಯ, ಕೆಟ್ಟರ?”

“ಕೆಟ್ಟರ ಮೊದಲಿನಂಗ ಮಾಡಾಕ ಬರತೈತಿ. ಅಂಜಬ್ಯಾಡ್ರಿ.”

ಅಜ್ಜಿ ಉಸಿರು ಬಿಗಿಹಿಡಿದು ಕಿವಿಯ ತುದಿಯನ್ನು ಕೆಳಕ್ಕೆಳೆದರು. ಸ್ವಲ್ಪ ಹೊರಕ್ಕೂ ತಂದರು. ನಿಲ್ಲಿಸಿದರು. “ಹಾಂ. ಇದು ಇವರ್ದು.”

ಅವರು ಹೊರಟ ಮೇಲೆ ಮಾವಶಿ ನನಗೆ ಬೈಯಲಿಲ್ಲ. “ನಿನಗ ಬ್ರಶ್ ಎಲ್ಲಾ ಬರತಾವು, ಕೇಳೂದೊಂದು ಬರಂಗಿಲ್ಲ. ಅದನ್ನೂ ಕಲಿ,” ಎಂದರಷ್ಟೆ. ಹದಿನೈದು ದಿನಕ್ಕೆ ಸಿಲಿಕೋನಿನ ಕಿವಿ ಕೂಡಿಸಿಕೊಂಡ ಅಜ್ಜ, ರುಮಾಲನ್ನು ಕಂಕುಳಲ್ಲಿಟ್ಟುಕೊಂಡು ಬರಿದಲೆಯಲ್ಲೇ ಮೆಟ್ಟಿಲಿಳಿದು ಹೋದರು. ಮರು ತಿಂಗಳು ನಾನು ಕಾರ್ಖಾನೆಯ ಕೆಲಸ ಬಿಟ್ಟು ಮಾವಶಿಯ ಜೊತೆ ಸೇರಿಕೊಂಡೆ.

ಮಾವಶಿ ತೀರಿಕೊಂಡು ಎರಡು ವರ್ಷವಾಯಿತು. ಆ ಎರಡು ಕೋಣೆಗಳಲ್ಲಿ ಈಗ ನಾನು ಕೂರುತ್ತೇನೆ. ಯಾರೇ ಬಂದರೂ ಮನೆಯವರನ್ನೂ ಕರೆತರಲು ಹೇಳಿ, ಅವರನ್ನು ನನ್ನ ಪಕ್ಕದಲ್ಲಿ ಕೂರಿಸಿಕೊಳ್ಳುತ್ತೇನೆ. ಮಾವಶಿ ಕೇಳುವುದನ್ನು ಕಲಿಸದಿದ್ದರೆ ನಾನು ಇಂದಿಗೂ ಚಂದ ಚಂದದ, ಯಾರದೂ ಅಲ್ಲದ ಕಿವಿಗಳನ್ನು ಮಾಡುತ್ತಿದ್ದೆ.