ಖಾಲಿ ಹಾಳೆಯ ಹೆಬ್ಬೆಟ್ಟು

ಹೋದ ವಾರ ಪಂಚಾಯ್ತಿಯ ಗುಮಾಸ್ತ ಸೋಲಾರ್ ದೀಪದ ಪಟ್ಟಿ ಹಿಡಿದುಕೊಂಡು ನಮ್ಮ ಕೇರಿಗೆ ಬಂದಿದ್ದ. ನಮ್ಮ ಜಗಲಿಯಲ್ಲೇ ಕೂತು ಸ್ಟಾಂಪ್ ಪ್ಯಾಡಿನ ಮುಚ್ಚಳ ತೆಗೆದ. ಆ ನೇರಳೆ ಶಾಯಿಯ ವಾಸನೆ ಮೂಗಿಗೆ ಬಡಿಯಿತು. ನಲವತ್ತು ವರ್ಷದ ಮೇಲಾಯಿತು, ಆ ವಾಸನೆ ಮಾತ್ರ ಹಾಗೇ ಇದೆ... ಅದರ ಹಿಂದೆಯೇ ಅರ್ಜಿ ಮೇಷ್ಟ್ರು ನೆನಪಾದರು.

ಹೊಸನಗರದ ತಾಲ್ಲೂಕು ಕಚೇರಿ ಎದುರಿನ ಹಂಚಿನ ಮಾಡಿನ ಕೆಳಗೆ ಒಂದು ಮೇಜು, ಒಂದು ಬೆಂಚು ಹಾಕಿಕೊಂಡು ಅವರು ಜನರಿಗೆ ಅರ್ಜಿ ಬರೆದುಕೊಡುತ್ತಿದ್ದರು. ಮೊದಲು ಶಾಲೆಯಲ್ಲಿ ಕಲಿಸುತ್ತಿದ್ದರಂತೆ, ಹಾಗಾಗಿ ಎಲ್ಲರ ಬಾಯಲ್ಲೂ ಮೇಷ್ಟ್ರು. ತೀರ್ಥಹಳ್ಳಿ ಕಡೆಯ ದೊಡ್ಡ ಜಮೀನಿನ ಮನೆಯವರು. ಗೇಣಿದಾರರಿಗೆ ಭೂಮಿ ಕೊಡುವ ಕಾನೂನು ಬಂದಾಗ ಸ್ವಂತ ಅಣ್ಣಂದಿರ ಗೇಣಿದಾರರಿಗೇ ಕೂತು ಡಿಕ್ಲರೇಷನ್ ತುಂಬಿಸಿಕೊಟ್ಟವರು. ಅಣ್ಣಂದಿರು ಮನೆಗೆ ಕಾಲಿಡಬೇಡ ಎಂದರು. ಇವರು ಕೊಡೆಯನ್ನೂ ಪೆನ್ನನ್ನೂ ತೆಗೆದುಕೊಂಡು ಹೊಸನಗರಕ್ಕೆ ಬಂದುಬಿಟ್ಟರು. ಅಂಥವರನ್ನು ನಂಬದೆ ಇನ್ಯಾರನ್ನು ನಂಬಬೇಕಿತ್ತು, ಹೇಳಿ?

ನಮ್ಮದು ಮುಳುಗಡೆಯವರ ಕೇರಿ. ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ನೀರು ನಿಂತಾಗ ಗದ್ದೆ, ಮನೆ, ದೇವರ ಬನ ಎಲ್ಲ ಬಿಟ್ಟು ಎದ್ದು ಬಂದ ಮೂವತ್ತು ಚಿಲ್ಲರೆ ಮನೆಗಳು. ನಮ್ಮ ನೀರಿನಿಂದ ಹುಟ್ಟಿದ ಕರೆಂಟು ನಮ್ಮ ತಲೆಯ ಮೇಲಿನ ತಂತಿಯಲ್ಲೇ ಗುಂಯ್‌ಗುಡುತ್ತಾ ಬೆಂಗಳೂರಿಗೆ ಹೋಗುತ್ತಿತ್ತು. ಕೆಳಗೆ ನಾವು ಚಿಮಣಿ ಬುಡ್ಡಿ ಹಚ್ಚಿಕೊಂಡು ಉಣ್ಣುತ್ತಿದ್ದೆವು. ಮನೆಗೊಂದು ಪವರ್‌ಹೌಸ್ ಕೆಲಸ ಎಂದು ಎಬ್ಬಿಸುವಾಗ ಬಾಯಿಮಾತಲ್ಲಿ ಹೇಳಿದ್ದರು. ಆ ಕೆಲಸ ಯಾರ ಮನೆಗೂ ಬರಲಿಲ್ಲ.

ಎಪ್ಪತ್ತರ ದಶಕದ ಕೊನೆ ಅದು. ನಾನು ಎಸ್ಸೆಸ್ಸೆಲ್ಸಿ ಪಾಸಾಗಿ ಮನೆಯಲ್ಲಿದ್ದೆ. ಕೇರಿಗೆಲ್ಲ ಓದು ಬರುತ್ತಿದ್ದ ಹೆಣ್ಣು ನಾನೊಬ್ಬಳೇ. ಅಪ್ಪಯ್ಯನ ಜೊತೆ ಮೊದಲ ಸಲ ಮೇಷ್ಟ್ರ ಹತ್ತಿರ ಹೋದಾಗ ಅವರು ನನ್ನ ಮಾರ್ಕ್ಸ್ ಕಾರ್ಡನ್ನು ಎರಡೆರಡು ಸಲ ನೋಡಿದರು.

"ಈ ಮನೆಯ ಕೆಲ್ಸಕ್ಕೆ ಇವಳ ಹೆಸ್ರೇ ಬರೀತೀನಿ" ಎಂದರು.

"ಹೆಣ್‌ಮಕ್ಳಿಗೆ ಪವರ್‌ಹೌಸಲ್ಲಿ ಎಂತ ಕೆಲ್ಸ ಮೇಷ್ಟ್ರೇ?" ಎಂದು ಅಪ್ಪಯ್ಯ ನಕ್ಕ.

"ಅಲ್ಲ ಮಾರಾಯ, ಅಲ್ಲಿ ಕಲ್ಲಿದ್ದಲು ಹೊರೋದಿಲ್ಲ, ಹೊಗೆ ಕುಡಿಯೋದಿಲ್ಲ. ನೀರು ಬಿದ್ರೆ ಕರೆಂಟು. ಮೀಟರ್ ನೋಡಿ ಬರೆಯೋಕೆ ಮೀಸೆ ಬೇಕಾ?"

ಆ ಮಾತು ಕೇಳಿ ನನಗೆ ರೆಕ್ಕೆ ಬಂತು. ಸುಳ್ಳಲ್ಲ, ಅವತ್ತು ಬಸ್ಸಿನಲ್ಲಿ ಬರುವಾಗ ಕೈಗೆ ವಾಚು ಕಟ್ಟಿಕೊಂಡು ಕೆಲಸಕ್ಕೆ ಹೋಗುವ ಹಾಗೆ ಕನಸು ಕಾಣುತ್ತಾ ಕೂತು ಇಳಿಯುವ ಸ್ಟಾಪು ದಾಟಿಹೋಗಿತ್ತು.

ಅರ್ಜಿಗಳಿಂದ ಏನೂ ಆಗದಿದ್ದಾಗ ಮೇಷ್ಟ್ರೇ ಮುಂದೆ ನಿಂತು ಸಾಗರದ ವಕೀಲರೊಬ್ಬರಿಂದ ಕೇಸು ಹಾಕಿಸಿದರು. ಭಾನುವಾರ ಭಾನುವಾರ ಕೇರಿಗೆ ಬಂದು ಹಲಸಿನ ಮರದ ಕೆಳಗೆ ಕೂತು ಮಾತಾಡುತ್ತಿದ್ದರು. ವೋಟನ್ನು ಜಾತಿ ನೋಡಿ ಹಾಕಬೇಡಿ, ಕರೆಂಟು ಕೆಲಸ ಎರಡನ್ನೂ ಬರೆದುಕೊಡುವವನಿಗೆ ಹಾಕಿ ಎನ್ನುತ್ತಿದ್ದರು. ಹೆಬ್ಬೆಟ್ಟಿನ ಹಿಂದೆ ಒಬ್ಬ ಮನುಷ್ಯ ಇರುತ್ತಾನೆ, ಅವನನ್ನು ಕೂಗಿ ಕೇಳದೆ ಯಾವ ಕೋರ್ಟೂ ತೀರ್ಪು ಕೊಡಬಾರದು, ಕಾನೂನು ಹಾಗೆ ಬದಲಾಗಬೇಕು ಎನ್ನುತ್ತಿದ್ದರು. ಕೊನೆಗೆ ಏಳುವಾಗ ಒಂದೇ ಮಾತು: "ಓದದೆ ಸಹಿ ಹಾಕ್ಬೇಡಿ. ನಿಮ್ಮಪ್ಪ ಬಂದು ಹೇಳಿದ್ರೂ ಹಾಕ್ಬೇಡಿ."

ಇಷ್ಟು ಹೇಳಿಸಿಕೊಂಡ ನಾವು ಮಾಡಿದ್ದೇನು? ಹೇಳಲು ಈಗಲೂ ನಾಚಿಕೆಯಾಗುತ್ತದೆ.

ಕೇಸಿಗೆ ಆಗಾಗ ಹೊಸ ಕಾಗದ ಬೇಕಾಗುತ್ತಿತ್ತು. ಪ್ರತಿ ಸಲವೂ ಎಲ್ಲರೂ ಲಾಂಚಿನಲ್ಲಿ ಹಿನ್ನೀರು ದಾಟಿ, ಬಸ್ಸು ಹಿಡಿದು ಹೊಸನಗರಕ್ಕೆ ಹೋಗಿ ಬರಬೇಕು. ಒಂದು ದಿನದ ಕೂಲಿ ಹೋಯಿತು ಎಂದೇ ಲೆಕ್ಕ. ಲಾಂಚು ಕೆಟ್ಟರೆ ಎರಡು ದಿನ. ಆಗ ಒಂದು ಉಪಾಯ ಹೊಳೆಯಿತು. ಎಲ್ಲರ ಸಹಿ, ಹೆಬ್ಬೆಟ್ಟು ಹಾಕಿದ ಖಾಲಿ ಹಾಳೆಗಳನ್ನು ಮೇಷ್ಟ್ರ ಹತ್ತಿರ ಇಟ್ಟುಬಿಟ್ಟರೆ ಬೇಕಾದಾಗ ಮೇಲೆ ಬರೆದುಕೊಳ್ಳಬಹುದಲ್ಲ? ಈ ಉಪಾಯ ಯಾರದ್ದೆಂದರೆ, ನನ್ನದೇ.

"ಬೇಡ ತಂಗಿ. ಖಾಲಿ ಹಾಳೆ ಒಳ್ಳೇದಲ್ಲ" ಎಂದರು ಮೇಷ್ಟ್ರು.

"ನಿಮ್ಮ ಹತ್ರ ಇಟ್ರೆ ದೇವರ ಹತ್ರ ಇಟ್ಟಂಗೆ" ಎಂದೆ ನಾನು. ಆಮೇಲೆ ಅವರು ಬೇಡ ಎನ್ನಲಿಲ್ಲ.

ಸ್ಟಾಂಪ್ ಪ್ಯಾಡ್ ಹಿಡಿದು ಮನೆಮನೆಗೆ ಹೋದವಳೂ ನಾನೇ. ಪಕ್ಕದ ಮನೆಯ ಚೌಡಕ್ಕ ಮೀನು ಹೆಚ್ಚುತ್ತಿದ್ದವಳು ಕೈ ತೊಳೆದುಕೊಂಡು ಬಂದು, "ಇದ್ರಲ್ಲಿ ಎಂತನೂ ಬರ್ದಿಲ್ಲಲ್ಲೇ?" ಎಂದಳು. ಓದು ಬಾರದವಳಿಗೆ ಕಂಡಿದ್ದು ಓದು ಕಲಿತ ನನಗೆ ಕಾಣಲಿಲ್ಲ. "ಮೇಷ್ಟ್ರು ಬರೀತಾರೆ" ಎಂದೆ. "ನೀ ಹೇಳಿದ್ರೆ ಸೈ" ಎಂದು ಒತ್ತಿದಳು.

ಚುನಾವಣೆ ಬಂತು. ಮೇಷ್ಟ್ರು ಎರಡು ಭಾನುವಾರ ಬರಲಿಲ್ಲ. ಜ್ವರವಿರಬೇಕು ಅಂದುಕೊಂಡೆವು. ಅದೇ ಹೊತ್ತಿಗೆ ಕೇಸಿನ ಮುಂದಿನ ವಾಯಿದೆ ಯಾವತ್ತು ಎಂದು ತಿಳಿದುಕೊಳ್ಳಲು ನಾನು ಸಾಗರಕ್ಕೆ ಹೋದೆ. ವಕೀಲರ ಗುಮಾಸ್ತ ತಲೆ ಎತ್ತದೆ, "ನಿಮ್ದು ರಾಜಿ ಆಗಿ ಮುಗೀತಲ್ಲಮ್ಮ" ಎಂದ. ನಾನು ನಂಬಲಿಲ್ಲ. ಕಾಗದ ತೋರಿಸಿ ಎಂದು ಹಟ ಹಿಡಿದೆ. ತೋರಿಸಿದ.

ಕೆಳಗೆ ನಮ್ಮ ಕೇರಿಯ ಹೆಬ್ಬೆಟ್ಟುಗಳು. ಎಲ್ಲಕ್ಕಿಂತ ಮೊದಲು ನನ್ನ ಸಹಿ. ಮೇಲೆ ಮೇಷ್ಟ್ರ ಮುತ್ತಿನಂಥ ದುಂಡಗಿನ ಅಕ್ಷರಗಳಲ್ಲಿ, ನಮಗೆಲ್ಲ ಸಮಾಧಾನವಾಗಿದೆ, ಕೆಲಸದ ಬೇಡಿಕೆಯನ್ನು ನಾವೇ ಇಷ್ಟಪಟ್ಟು ಬಿಟ್ಟಿದ್ದೇವೆ, ಕೇಸು ಮುಂದುವರಿಸುವುದಿಲ್ಲ ಎಂದಿತ್ತು. ನಮ್ಮಲ್ಲಿ ಒಬ್ಬರನ್ನೂ ಕೂಗಿ ಕೇಳಿರಲಿಲ್ಲ. ಅಲ್ಲಿಂದ ಬಸ್‌ಸ್ಟ್ಯಾಂಡಿಗೆ ಬರುವಾಗ, ಆಳುವ ಪಕ್ಷದ ಅಭ್ಯರ್ಥಿಯ ಜೀಪು ಮೈಕ್ ಕಟ್ಟಿಕೊಂಡು ಹೋಯಿತು. ಅವನ ಪಕ್ಕದಲ್ಲಿ ಹಾರ ಹಾಕಿಕೊಂಡು ಕೂತವರು ನಮ್ಮ ಮೇಷ್ಟ್ರು... ನನ್ನನ್ನು ನೋಡಿದರು. ನೋಡಿ ಆಚೆ ತಿರುಗಿದರು.

ಮರುದಿನ ಬೆಳಿಗ್ಗೆಯೇ ಹೊಸನಗರಕ್ಕೆ ಹೋಗಿ ಮೇಜಿನ ಎದುರು ನಿಂತೆ.

"ಕೇಸಿಂದ ಕೆಲ್ಸ ಆಗಲ್ಲ ತಂಗಿ" ಎಂದರು ಅವರೇ ಮೊದಲು. "ಒಳಗೆ ಹೋದ್ರೆ ಮಾತ್ರ ಆಗೋದು. ಕೇಸು ವಾಪಸ್ ತಗೊಂಡ್ರೆ ನನ್ನನ್ನ ಪಕ್ಷದೊಳಗೆ ಸೇರಿಸ್ಕೊಳ್ತೀವಿ ಅಂದ್ರು. ಗೆದ್ದ ಮೇಲೆ ಮೊದ್ಲು ನಿಂದೇ ಹೆಸ್ರು."

"ಓದದೆ ಸಹಿ ಹಾಕ್ಬೇಡಿ ಅಂತ ಹೇಳ್ದವ್ರು ಯಾರು ಮೇಷ್ಟ್ರೇ?"

ಅವರು ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು. "ಖಾಲಿ ಹಾಳೆ ಬೇಡ ಅಂತ ನಾನು ಹೇಳಿದ್ದೆ" ಎಂದರು ಮೆಲ್ಲಗೆ.

ಥೂ! ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ನನ್ನ ನಂಬಿಕೆಯನ್ನೇ ನನ್ನ ತಪ್ಪು ಮಾಡಿ ನನ್ನ ಕೈಗೇ ಕೊಟ್ಟುಬಿಟ್ಟರು. ಮೇಜಿಗೆ ಬೆನ್ನು ಮಾಡಿ ಹೊರಟೆ. ಬಸ್ಸು ಹತ್ತಿದೆ.

ಅವರ ಅಭ್ಯರ್ಥಿ ಗೆದ್ದ. ಮೇಷ್ಟ್ರು ಯಾವುದೋ ಸಮಿತಿಯ ಸದಸ್ಯರಾದರು. ಪವರ್‌ಹೌಸಿನಲ್ಲಿ ಅವರ ತಂಗಿಯ ಮಗನಿಗೆ ಕೆಲಸವಾಯಿತು. ಇನ್ನೊಬ್ಬ ವಕೀಲರನ್ನು ಕೇಳಿದೆವು, ಸಹಿ ನಿಮ್ಮದೇ ಅಲ್ಲವೇ ಎಂದರು. ಹೌದು, ನಮ್ಮದೇ. ಕೇರಿಯವರು ಮೇಷ್ಟ್ರನ್ನು ಬೈದದ್ದಕ್ಕಿಂತ ಹೆಚ್ಚು ನನ್ನನ್ನು ಬೈದರು. ಪ್ಯಾಡ್ ಹಿಡಿದು ಬಾಗಿಲಿಗೆ ಬಂದವಳು ನಾನಲ್ಲವೇ? ನಾನು ಹೊಲಿಗೆ ಕಲಿತೆ, ಅದೇ ಕೇರಿಯಲ್ಲಿ ಮದುವೆಯಾದೆ, ಎಂಬತ್ತರ ದಶಕ ಮುಗಿಯುವವರೆಗೂ ಬುಡ್ಡಿ ದೀಪದಲ್ಲೇ ಸೂಜಿಗೆ ದಾರ ಪೋಣಿಸಿದೆ.

ಮೇಷ್ಟ್ರು ತೀರಿಕೊಂಡ ಸುದ್ದಿ ಬಹಳ ವರ್ಷದ ಮೇಲೆ ಬಂತು. ಒಳ್ಳೆಯದೇ ಆಯಿತು ಎಂದು ಬಾಯಲ್ಲಿ ಅಂದೆ. ಆಮೇಲೆ ಹಿತ್ತಲಿಗೆ ಹೋಗಿ ಅತ್ತೆ. ನನ್ನನ್ನು ಕೆಲಸಕ್ಕೆ ಹೋಗುವವಳೆಂದು ಮೊದಲು ನೋಡಿದವರು ಅವರೊಬ್ಬರೇ. ಇವತ್ತಿಗೂ ಅದನ್ನು ಮರೆಯಲು ಆಗಿಲ್ಲ, ಇವತ್ತಿಗೂ ಅವರನ್ನು ಕ್ಷಮಿಸಿಲ್ಲ.

ಹೋದ ವಾರ ಜಗಲಿಯಲ್ಲಿ ಗುಮಾಸ್ತ ಕೊಟ್ಟ ಫಾರಂ ನೋಡಿದೆ. ಕೆಳಗೆ ಸಹಿ ಮಾಡುವ ಗೆರೆ, ಮೇಲಿನ ಜಾಗವೆಲ್ಲ ಖಾಲಿ. "ಆಫೀಸಲ್ಲಿ ತುಂಬ್ಕೊಳ್ತೀವಿ ಅಜ್ಜಿ, ನಿಮ್ಗ್ಯಾಕೆ ತೊಂದ್ರೆ" ಎಂದ.

"ಇಲ್ಲೇ ತುಂಬು. ತುಂಬಿ ಎಲ್ಲರಿಗೂ ಕೇಳೋ ಹಂಗೆ ಓದು" ಎಂದೆ. ಅವನು ಮುಖ ಗಂಟಿಕ್ಕಿಕೊಂಡೇ ಒಂದೊಂದಾಗಿ ತುಂಬಿದ, ಓದಿದ.

ಚೌಡಕ್ಕನಿಗೆ ಈಗ ಎಂಬತ್ತು ದಾಟಿದೆ, ಕಿವಿ ಮಂದ. ಅವನು ಓದಿದ್ದು ಅವಳಿಗೆ ಒಂದೂ ಕೇಳಿಸಲಿಲ್ಲ. ಪ್ಯಾಡಿಗೆ ಹೆಬ್ಬೆಟ್ಟು ಅದ್ದಿ, ಕೈಯನ್ನು ಹಾಳೆಯ ಮೇಲೆ ಹಿಡಿದುಕೊಂಡು ನನ್ನ ಮುಖ ನೋಡಿದಳು.

"ನೀ ಹೇಳಿದ್ರೆ ಸೈ" ಎಂದಳು.

ಹಾಳೆ ತುಂಬಿತ್ತು. ಎಲ್ಲ ಸರಿಯಾಗಿಯೇ ಇತ್ತು. ಆದರೂ ಒತ್ತು ಎನ್ನಲು ನನಗೆ ಬಾಯಿ ಬರಲಿಲ್ಲ. ಅವಳು ಶಾಯಿಯ ಹೆಬ್ಬೆಟ್ಟನ್ನು ಹಾಗೇ ಎತ್ತಿ ಹಿಡಿದುಕೊಂಡು ಕಾಯುತ್ತಲೇ ಇದ್ದಳು.